ಹಳೆ ವಿಳಾಸಕ್ಕೆ ಬರುವವರು

ಶಹಾಪುರದ ಬಸ್ ನಿಲ್ದಾಣದಿಂದ ಸುರಪುರದ ರಸ್ತೆ ಹಿಡಿದು ಸ್ವಲ್ಪ ದೂರ ನಡೆದರೆ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಕಾಲುವೆ ನೀರು ಬಳಸುವ ರೈತ ಸಂಘಗಳ ಒಕ್ಕೂಟದ ಕಚೇರಿ ಇತ್ತು. ಮೋನಮ್ಮ ಅಲ್ಲಿ ಕಂಪ್ಯೂಟರ್ ಆಪರೇಟರ್. ಪ್ರತಿ ಶುಕ್ರವಾರ ಮಧ್ಯಾಹ್ನದೊಳಗೆ ಆಕೆ ಒಕ್ಕೂಟದ ವೆಬ್‌ಸೈಟಿನಲ್ಲಿ ಮುಂದಿನ ವಾರದ ನೀರಿನ ಪಾಳಿ ಹಾಕುತ್ತಿದ್ದಳು. ಮೂವತ್ತೆಂಟು ಮರಿಗಾಲುವೆಗಳಿಗೆ ಮೂವತ್ತೆಂಟು ಪುಟ. ಆ ವಾರ ನೀರು ಬರುವ ಕಾಲುವೆಯ ಪುಟ ಹಸಿರು, ಬಾರದ್ದು ಕೆಂಪು. ಕೆಳಗೆ ದಿನ, ವೇಳೆ. ಆಕೆಯ ಮುಖ ಕಂಡವರು ಕಡಿಮೆ. ಆದರೆ ಆಕೆ ಹಾಕಿದ್ದನ್ನು ನೋಡದೆ ಸಲಿಕೆ ಹೆಗಲಿಗೇರಿಸುವವರು ಆ ಸೀಮೆಯಲ್ಲಿ ಇನ್ನೂ ಕಡಿಮೆ.

ಮೋನಮ್ಮನ ತವರು ದೋರನಹಳ್ಳಿ. ಅಪ್ಪ ತಿಮ್ಮಣ್ಣ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ಕೃಷ್ಣೆಯ ನೀರು ಹೊಸದಾಗಿ ಆ ಕಡೆ ಬಂದ ಕಾಲದಲ್ಲಿ ಪಾಳಿಯ ಸುದ್ದಿ ಹೇಳಲು ಫೋನಿರಲಿಲ್ಲ, ಬೋರ್ಡಿರಲಿಲ್ಲ. ತಿಮ್ಮಣ್ಣನೇ ಹೊಲದಿಂದ ಹೊಲಕ್ಕೆ ನಡೆದು ಹೇಳಿ ಬರುತ್ತಿದ್ದ. ಅವ್ವ ಕಳೆ ತೆಗೆಯಲು ಹೋಗುತ್ತಿದ್ದಳು. ಮಗಳು ಪಿಯುಸಿ ಮುಗಿಸಿ, ಮುದನಾಳದ ಸೋದರತ್ತೆಯ ಮನೆಯಲ್ಲಿ ಉಳಿದು, ದಿನಾ ಯಾದಗಿರಿಗೆ ಹೋಗಿ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿತಳು. 2009ರಲ್ಲಿ ಒಕ್ಕೂಟದಲ್ಲಿ ಕೆಲಸ ಸಿಕ್ಕಿತು. ನಾಲ್ಕು ವರ್ಷ ಕಳೆದ ಮೇಲೆ ಒಕ್ಕೂಟಕ್ಕೊಂದು ವೆಬ್‌ಸೈಟ್ ಆಯಿತು. ಅದನ್ನು ನೋಡಿಕೊಳ್ಳುವ ಕೆಲಸ ಉಳಿದವರೆಲ್ಲ ಬೇಡವೆಂದದ್ದರಿಂದ ಮೋನಮ್ಮನ ಪಾಲಿಗೆ ಬಂತು. ಆಕೆಗೆ ಅದರ ಗಂಧಗಾಳಿ ಇರಲಿಲ್ಲ. ಗೊತ್ತಿದ್ದವರನ್ನು ಕೇಳಿ, ತಪ್ಪು ಮಾಡಿ, ತಿದ್ದಿ ಕಲಿತಳು.

2017ರಲ್ಲಿ ನಡೆದ ಒಂದು ಸಂಗತಿ ಆಕೆಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯವರು ಆ ವರ್ಷ ತಮ್ಮ ಕಡೆಯ ವ್ಯವಸ್ಥೆ ಬದಲಿಸಿದರು. ಪುಟಗಳೆಲ್ಲ ಇದ್ದವು, ಪುಟಗಳ ವಿಳಾಸ ಮಾತ್ರ ಬೇರೆಯಾಯಿತು. ಮೋನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಮುಖಪುಟ ತೆರೆದು ನೋಡಿದಳು, ಅಲ್ಲಿಂದ ಎಲ್ಲ ಪುಟಕ್ಕೂ ಹೋದಳು, ಸರಿಯಿದೆ ಎಂದುಕೊಂಡಳು.

ನಾಲ್ಕನೆಯ ದಿನ ಬೋನಾಳದ ಕಡೆಯಿಂದ ಖುರ್ಷೀದಬೇಗಂ ಬಂದಳು. ಎರಡು ಎಕರೆ ಮೆಣಸಿನಗಿಡ ಇಟ್ಟುಕೊಂಡು ಒಬ್ಬಳೇ ದುಡಿಯುವ ಹೆಂಗಸು, ಅಕ್ಷರ ಬಾರದು. ಆಕೆಯ ತಂಗಿಯ ಮಗಳು ಫೋನಿನ ಪರದೆಯ ಮೇಲೆ ತಮ್ಮ ಕಾಲುವೆಯ ಪುಟವನ್ನು ಒಂದು ಗುರುತಾಗಿ ಇಟ್ಟುಕೊಟ್ಟಿದ್ದಳು. ಅದನ್ನು ಒತ್ತಿದರೆ ಬಣ್ಣ ಕಾಣಬೇಕು, ಅಷ್ಟೆ. ಖುರ್ಷೀದಬೇಗಂ ಫೋನನ್ನು ಕರ್ಚೀಫಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

“ನೋಡು ಮೋನವ್ವ. ಶುಕ್ರವಾರ ಒತ್ತಿದೆ, ಬೆಳ್ಳಗ ಬಂತು. ಶನಿವಾರ ಒತ್ತಿದೆ, ಬೆಳ್ಳಗೇ ಬಂತು. ಹಸರಂದ್ರ ನೀರು, ಕೆಂಪಂದ್ರ ಇಲ್ಲ ಅಂತ ಹೇಳಿದ್ರಿ. ಬೆಳ್ಳಗಂದ್ರ ಏನಂತ ನನಗ್ಯಾರೂ ಹೇಳಿಲ್ಲ.”

“ನೀರು ಬಂದಿತ್ತೇನ್ರಿ ಖಾಲಾ?” ಮೋನಮ್ಮ ಕೇಳಿದಳು.

“ಬಂದು ಹೋತು. ಮ್ಯಾಲಿನವ್ರು ಕಟ್ಟಿಕೊಂಡ್ರು. ನನ್ನ ಗಿಡದ ಹೂವೆಲ್ಲ ಉದುರ್ಯಾವ.”

ಬೈಯಲಿಲ್ಲ ಆಕೆ. ನೀರು ಕುಡಿದು ಬಸ್ಸಿಗೆ ಹೋದಳು. ಅಂದೇ ಮೋನಮ್ಮ ಆ ಕಂಪನಿಯವರಿಗೆ ಫೋನ್ ಹಚ್ಚಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಾನಾಗಿಯೇ ದಾಟಿಸುವ ಉಪಾಯ ಉಂಟೆಂದೂ ಅದಕ್ಕೆ ರೀಡೈರೆಕ್ಟ್ ಎನ್ನುತ್ತಾರೆಂದೂ ತಿಳಿದುಕೊಂಡಳು. ಹಾಕಿಸಿದಳು ಕೂಡ. ಆದರೆ ಖುರ್ಷೀದಬೇಗಂಳ ಹೂವು ಉದುರಿ ಆಗಿತ್ತು. ಮೊದಲೇ ಕೇಳಬೇಕಿತ್ತು ಎಂಬ ಮಾತನ್ನು ಆಕೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ.

ಹೀಗಾಗಿ 2022ರ ಜೂನ್ ತಿಂಗಳಲ್ಲಿ ಒಕ್ಕೂಟದ ಕಾರ್ಯದರ್ಶಿ ಚಂದ್ರಾಮಪ್ಪ ಎಲ್ಲರನ್ನೂ ಕೂರಿಸಿಕೊಂಡು, ಹಳೆ ವೆಬ್‌ಸೈಟ್ ತೆಗೆದು ಹೊಸದು ಮಾಡಿಸುತ್ತಿದ್ದೇವೆ, ಹೆಸರು ಅದೇ, ಒಳಗಿನದೆಲ್ಲ ಹೊಸದು ಎಂದಾಗ ಮೋನಮ್ಮ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಪುಟದ ವಿಳಾಸ ಬದಲಾಗ್ತಾವೇನ್ರಿ ಸಾಹೇಬ್ರ?”

ಚಂದ್ರಾಮಪ್ಪ ಪಕ್ಕದಲ್ಲಿ ಕೂತಿದ್ದ ಬಸವಪ್ರಭುವಿನ ಮುಖ ನೋಡಿದ. ಬಸವಪ್ರಭು ಕಲಬುರಗಿಯ ಕಂಪನಿಯವನು, ಮೂವತ್ತರ ಆಸುಪಾಸು, ಕೆಲಸ ಬಲ್ಲವನು.

“ಬದಲಾಗ್ತಾವ್ರಿ ಮೇಡಂ. ಹಳೇವು ಬರೀ ನಂಬರ್ ಇದ್ವು. ಈಗ ಕಾಲುವಿ ಹೆಸರು ಇರ್ತದ. ಹಳೇದಕ್ಕ ಬಂದವರನ್ನ ಮುಖಪುಟಕ್ಕ ಕಳಸ್ತೀವಿ. ಒಂದೇ ಸಾಲು ಬರದ್ರ ಮುಗೀತು.”

“ಮುಖಪುಟಕ್ಕ ಹೋಗಿ ಅವ್ರು ಏನ್ ಮಾಡ್ಬೇಕ್ರಿ?”

“ಅಲ್ಲಿ ಹುಡುಕಾಡ್ತಾರ.”

“ಬೋನಾಳಕ್ಕ ಟಿಕೆಟ್ ತಗೊಂಡವ್ರನ್ನ ಸುರಪುರ ಬಸ್ ಸ್ಟ್ಯಾಂಡಿನಾಗ ಇಳಿಸಿ, ಇನ್ನ ನೀವೇ ಹುಡಿಕ್ಕೋರಿ ಅಂದ್ರ ನಡೀತದೇನ್ರಿ? ಒಂದೊಂದು ಹಳೆ ವಿಳಾಸನೂ ಅದರದೇ ಹೊಸ ಪುಟಕ್ಕ ಹೋಗ್ಬೇಕು.”

ಬಸವಪ್ರಭು ನಕ್ಕ. ಹಾಗಿದ್ದರೆ ಹಳೆಯದು ಹೊಸದು ಜೋಡಿಸಿದ ಪಟ್ಟಿ ಕೊಡಿರಿ, ಹಾಕುತ್ತೇವೆ ಎಂದ. ಇಷ್ಟು ಉಸಾಬರಿ ಯಾಕೆ ಎನ್ನುವ ಹಾಗೆ ಚಂದ್ರಾಮಪ್ಪ ಗಡಿಯಾರ ನೋಡಿದ. ಪಟ್ಟಿ ನಾನು ಕೊಡುತ್ತೇನೆ ಎಂದು ಮೋನಮ್ಮ ಎದ್ದಳು. ಜುಲೈ ಮೂರನೆಯ ವಾರ ಕಾಲುವೆಗೆ ನೀರು ಬಿಡುವುದಿತ್ತು. ಅಷ್ಟರೊಳಗೆ ಎಲ್ಲ ಮುಗಿಯಬೇಕಿತ್ತು.

ಮೊದಲ ಪಟ್ಟಿಯನ್ನು ಬಸವಪ್ರಭುವೇ ಕಳಿಸಿದ. ಹಳೆ ಸೈಟಿನ ಮುಖಪುಟದಿಂದ ಒಂದೊಂದೇ ಪುಟ ತೆರೆದು ಹಾಕಿದ ಪಟ್ಟಿ, ಅರವತ್ತನಾಲ್ಕು ವಿಳಾಸ. ಮೋನಮ್ಮ ಅದನ್ನು ಓದಿದ ಕೂಡಲೇ ಇದು ಪೂರ್ತಿಯಲ್ಲವೆಂದು ತಿಳಿಯಿತು. ಯಾರು ಯಾವಾಗ ಯಾವ ವಿಳಾಸಕ್ಕೆ ಬಂದರೆಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ಒಂದಿರುತ್ತದೆ. ಅದನ್ನು ಹಳೆ ಕಂಪನಿಯಿಂದ ತರಿಸಿಕೊಂಡಳು. ಒಂದು ವರ್ಷದ್ದು ಸಿಕ್ಕಿತು. ಎರಡು ದಿನ ಸೋಸಿದಳು. ಒಂದೇ ವಿಳಾಸ ಸಾವಿರ ಸಲ ಬಂದದ್ದನ್ನು ಒಂದಾಗಿ ಎಣಿಸಿ, ಬೇರೆ ದೇಶದ ಯಂತ್ರಗಳು ಸುಮ್ಮನೆ ತಟ್ಟಿಹೋದದ್ದನ್ನು ತೆಗೆದುಹಾಕಿ ನೋಡಿದರೆ ನಾಲ್ಕುನೂರ ಹನ್ನೆರಡು ವಿಳಾಸ ಉಳಿದವು. ಮುಖಪುಟದಿಂದ ಯಾವತ್ತೋ ತೆಗೆದಿದ್ದ, ಆದರೆ ಜನ ಇನ್ನೂ ಬರುತ್ತಿದ್ದ ಪುಟಗಳಿದ್ದವು. 2017ಕ್ಕಿಂತ ಹಿಂದಿನ ವಿಳಾಸಗಳೂ ಇದ್ದವು. ಐದು ವರ್ಷವಾದರೂ ಅವನ್ನು ಒತ್ತುವವರು ನಿಂತಿರಲಿಲ್ಲ.

ಆಕೆ ಕಂಪ್ಯೂಟರಿನಲ್ಲಿ ಒಂದು ಹಾಳೆ ಮಾಡಿ, ಹಳೆ ವಿಳಾಸದ ಎದುರಿಗೆ ಹೊಸದನ್ನು ಬರೆಯುತ್ತ ಹೋದಳು. ಪಾಳಿಯ ಪುಟಗಳು ಸುಲಭ. ಅರ್ಜಿ ನಮೂನೆಗಳಲ್ಲಿ ಮೂರು ಸೇರಿ ಒಂದಾಗಿದ್ದವು. ಮೂರನ್ನೂ ಆ ಒಂದಕ್ಕೆ ಸೇರಿಸಿದಳು. ಇಪ್ಪತ್ತಮೂರು ಹಳೆ ಪುಟಗಳಿಗೆ ಹೊಸ ಸೈಟಿನಲ್ಲಿ ಜೋಡಿಯೇ ಇರಲಿಲ್ಲ: ಎಂದೋ ನಡೆದ ಸಭೆಯ ಫೋಟೋ, ಮುಗಿದುಹೋದ ರಿಪೇರಿಯ ಸೂಚನೆ. ಅವನ್ನೂ ಮುಖಪುಟಕ್ಕೆ ತಳ್ಳಲು ಆಕೆ ಒಪ್ಪಲಿಲ್ಲ. ಈ ಪುಟ ತೆಗೆದಿದ್ದೇವೆ, ಬೇಕಾದರೆ ಈ ನಂಬರಿಗೆ ಫೋನ್ ಮಾಡಿರಿ ಎಂದು ಕನ್ನಡದಲ್ಲಿ ನೇರವಾಗಿ ಹೇಳುವ ಒಂದು ಪುಟ ಮಾಡಿಸಿದಳು.

ಅಷ್ಟಾದರೂ ಸಮಾಧಾನವಿಲ್ಲ. ಎರಡು ವರ್ಷದ ಹಿಂದೆ ಒಕ್ಕೂಟದವರು ಕಾಲುವೆಗಳ ತೂಬಿನ ಹತ್ತಿರ ತಗಡಿನ ಬೋರ್ಡು ನಿಲ್ಲಿಸಿದ್ದರು. ಅದರ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡುವ ಕಪ್ಪು ಬಿಳಿ ಚೌಕ. ಆ ಚೌಕಗಳೊಳಗೆ ಯಾವ ವಿಳಾಸವಿದೆ ಎಂಬುದು ಕಚೇರಿಯ ಯಾವ ಕಾಗದದಲ್ಲೂ ಇರಲಿಲ್ಲ. ಬೋರ್ಡು ಹಾಕಿಸಿದವನು ಒಕ್ಕೂಟದ ಫೀಲ್ಡ್ ಕೆಲಸದ ಅಲ್ಲಾಬಕ್ಷ. ಮೋನಮ್ಮ ಅವನನ್ನು ಹಿಡಿದಳು.

“ಬೋರ್ಡು ಎಲ್ಲೆಲ್ಲಿ ಹಾಕೀರಿ ಅಣ್ಣಾ, ಎಲ್ಲಾ ನೋಡ್ಬೇಕು.”

“ನಲವತ್ತು ಅವ ಬೇ. ಎಲ್ಲಾ ಒಂದೇ ನಮೂನಿ. ನಾಲ್ಕು ನೋಡಿದ್ರ ಸಾಕು.”

“ನಲವತ್ತೂ ನೋಡೋಣು.”

ಮೂರು ದಿನ ಅಲ್ಲಾಬಕ್ಷನ ಬೈಕಿನ ಹಿಂದೆ ಕೂತು ತಿರುಗಿದಳು. ದೋರನಹಳ್ಳಿಯ ಕಡೆಯ ಬೋರ್ಡುಗಳು ನೆಟ್ಟಗಿದ್ದವು. ಒಂದರ ಮೇಲೆ ಯಾರೋ ಟ್ರ್ಯಾಕ್ಟರ್ ಬಾಡಿಗೆಯ ಚೀಟಿ ಅಂಟಿಸಿದ್ದರು. ಕಿತ್ತು ಒರೆಸಿ ಸ್ಕ್ಯಾನ್ ಮಾಡಿದಳು. ಅಲ್ಲಾಬಕ್ಷ ಹೇಳಿದಂತೆ ಮೊದಲ ದಿನ ಎಲ್ಲವೂ ಪಟ್ಟಿಯಲ್ಲಿದ್ದವೇ. ಎರಡನೆಯ ದಿನವೂ ಹಾಗೆಯೇ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನೆರಳಿನಲ್ಲಿ ಬೈಕು ನಿಲ್ಲಿಸಿ ಅಲ್ಲಾಬಕ್ಷ, “ಇನ್ನ ಸಾಕ್ ಬಿಡು ಬೇ, ನಿನ್ನ ಪಟ್ಟಿ ಪಕ್ಕಾ ಅದ,” ಎಂದ. ಆಕೆ ಬಾಟಲಿಯ ನೀರು ಮುಖಕ್ಕೆ ಚಿಮುಕಿಸಿಕೊಂಡು ಮತ್ತೆ ಹಿಂದೆ ಹತ್ತಿ ಕೂತಳು.

ಮೂರನೆಯ ದಿನ ಬೋನಾಳದ ಕೆರೆ ದಾಟಿ ಇನ್ನೂ ಮುಂದೆ, ಒಂದು ಮರಿಗಾಲುವೆಯ ಕೊನೆಯ ಭಾಗಕ್ಕೆ ಹೋದರು. ಬೋರ್ಡು ಜಾಲಿಯ ಪೊದೆಯೊಳಗೆ ಮುಚ್ಚಿಹೋಗಿತ್ತು. ಅಲ್ಲಾಬಕ್ಷ ಕೊಡಲಿಯಿಂದ ಎರಡು ಟೊಂಗೆ ಕಡಿದ. ಮೋನಮ್ಮ ಸ್ಕ್ಯಾನ್ ಮಾಡಿದಳು, ಬಂದ ವಿಳಾಸವನ್ನು ಪಟ್ಟಿಯಲ್ಲಿ ಹುಡುಕಿದಳು. ಇರಲಿಲ್ಲ. ಇನ್ನೊಮ್ಮೆ ಹುಡುಕಿದಳು. ಇಲ್ಲ.

“ಇದೇನಣ್ಣಾ, ಇದು ಪಟ್ಟಿಯೊಳಗೇ ಇಲ್ಲಲ್ಲ.”

ಅಲ್ಲಾಬಕ್ಷ ಕಾಲುವೆಯೊಳಗೆ ಇಣುಕಿದ. ತಳಕ್ಕೆ ಹೊಸ ಸಿಮೆಂಟು ಬಳಿದಿತ್ತು. “ಹೋದ ವರ್ಷ ಇಲ್ಲಿ ರಿಪೇರಿ ನಡದಿತ್ತು ನೋಡು. ನೀರೇ ಬಿಟ್ಟಿಲ್ಲ. ನೀರಿಲ್ಲಂದ್ರ ಇದನ್ಯಾರು ನೋಡ್ತಾರ?”

ಆಗ ಮೋನಮ್ಮನಿಗೆ ತನ್ನ ಪಟ್ಟಿಯ ಊನ ತಿಳಿಯಿತು. ಆಕೆಯ ಬಳಿಯಿದ್ದದ್ದು ಒಂದು ವರ್ಷದ ದಾಖಲೆ. ಆ ವರ್ಷ ನೀರು ಕಾಣದ ಕಾಲುವೆಯವರು ಪುಟ ತೆರೆಯಲೇ ಇಲ್ಲ. ಅದಕ್ಕೆ ಅವರ ವಿಳಾಸ ದಾಖಲೆಯಲ್ಲಿಲ್ಲ. ರಿಪೇರಿಯಲ್ಲಿದ್ದ ಕಾಲುವೆಗಳನ್ನು ಆ ವರ್ಷದ ಪಾಳಿಯಿಂದಲೂ ಮುಖಪುಟದಿಂದಲೂ ಕೈಬಿಟ್ಟಿದ್ದರು. ಈ ಸಲ ಒಂದು ವರ್ಷ ಕಾದು ಕೂತವರು ಅವರೇ. ಮೊದಲು ಒತ್ತುವವರೂ ಅವರೇ. ಅಂಥ ಬೋರ್ಡು ಅಂದು ಸಂಜೆಯೊಳಗೆ ಒಂಬತ್ತು ಸಿಕ್ಕವು. ಅಲ್ಲಾಬಕ್ಷ ಮತ್ತೆ ಸಾಕೆನ್ನಲಿಲ್ಲ. ಮರೆತಿದ್ದ ಒಂದು ಬೋರ್ಡನ್ನು ತಾನೇ ನೆನಪಿಸಿಕೊಂಡು ಗಾಡಿ ತಿರುಗಿಸಿದ.

ಮರುದಿನ ಆಕೆ ಬಸವಪ್ರಭುವಿಗೆ ಫೋನ್ ಮಾಡಿದಳು. ವರ್ಷದಲ್ಲಿ ಒಬ್ಬರೂ ಬಾರದ ಪುಟಗಳನ್ನು ಅವನು ಹೊಸ ಸೈಟಿಗೆ ತಂದೇ ಇರಲಿಲ್ಲ.

“ಯಾರೂ ಬರಲಾರದ ಪುಟ ಇಟ್ಟು ಏನ್ ಮಾಡೋದ್ರಿ ಮೇಡಂ?”

“ನೀರು ಬಂದಿಲ್ಲಂತ ಬಂದಿಲ್ಲ ತಮ್ಮಾ. ಕಾಲುವಿ ಈಗ ರಿಪೇರಿ ಆಗ್ಯದ. ಹೋಗಿ ನೋಡಿ ಬಂದೀನಿ.”

“ಇದು ನನಗ ಹೊಳೀಲೇ ಇಲ್ರಿ,” ಎಂದ ಬಸವಪ್ರಭು. ಆ ದಿನದಿಂದ ಅವನ ಮಾತಿನ ಧಾಟಿ ಬದಲಾಯಿತು. ಪುಟಗಳನ್ನು ತಂದ. ಹೊಸ ಸೈಟಿನ ಒಂದು ಪ್ರತಿಯನ್ನು ಬೇರೆ ಕಡೆ ನಿಲ್ಲಿಸಿ, ಆಕೆಗೆ ಪರೀಕ್ಷೆಗೆ ಕೊಟ್ಟ.

ನಾಲ್ಕುನೂರ ಇಪ್ಪತ್ತೊಂದು ವಿಳಾಸ. ಮೋನಮ್ಮ ಒಂದನ್ನೂ ಬಿಡದೆ ಹಾಕಿ ನೋಡಿದಳು. ಹದಿನೇಳು ತಪ್ಪು ಸಿಕ್ಕವು. ಒಂದು ವಿಳಾಸವಂತೂ ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಮತ್ತೆ ಹಳೆಯದಕ್ಕೆ ಗಾಣದ ಎತ್ತಿನಂತೆ ಸುತ್ತುತ್ತಿತ್ತು. 2017ಕ್ಕಿಂತ ಹಿಂದಿನ ವಿಳಾಸಗಳು ಮೊದಲು ನಡುವಿನ ವಿಳಾಸಕ್ಕೆ ಹೋಗಿ, ಅಲ್ಲಿಂದ ಹೊಸದಕ್ಕೆ ಬರುತ್ತಿದ್ದವು. ಕಚೇರಿಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಹೊಲದ ನಡುವೆ, ನೆಟ್‌ವರ್ಕು ಒಂದು ಕಡ್ಡಿ ಇರುವಲ್ಲಿ, ನೇರ ಪುಟ ತೆರೆಯುವುದಕ್ಕೇ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಆಕೆ ಬೋನಾಳದ ದಾರಿಯಲ್ಲಿ ಕಂಡಿದ್ದಳು. ಒಂದೇ ಸಲಕ್ಕೆ ಮುಟ್ಟುವ ಹಾಗೆ ಅಷ್ಟನ್ನೂ ತಿದ್ದಿಸಿದಳು.

ಇನ್ನು ಯಾವ ದಿನ ಬದಲಿಸುವುದು ಎಂಬ ಮಾತು ಬಂತು. ಕಂಪನಿಯವರು ಶುಕ್ರವಾರ ಸಂಜೆ ಎಂದರು. ಮೋನಮ್ಮ ಬೇಡವೆಂದಳು. “ಶುಕ್ರವಾರ ಹಂಗಾಮಿನ ಮೊದಲನೇ ಪಾಳಿ ಹಾಕೋದು ಅದ ಸಾಹೇಬ್ರ. ಏನಾರ ತಪ್ಪಿದ್ರ ಶನಿವಾರ ಐತವಾರ ಅವ್ರ ಆಫೀಸ್ ಬಂದ್ ಇರ್ತದ. ಮಂಗಳವಾರ ಮುಂಜಾನಿ ಮಾಡ್ಲಿ. ಮತ್ತ ಒಂದು ವಾರ ಹಳೇದನ್ನ ಹಂಗೇ ಇಟ್ಟಿರಲಿ. ಕೆಟ್ಟರ ವಾಪಸ್ ಹಾಕಾಕ ಬರ್ಬೇಕು. ಇದನ್ನ ಅವ್ರ ಕಡಿಂದ ಬರಸ್ಕೋರಿ.”

ಚಂದ್ರಾಮಪ್ಪ ಆಕೆಯನ್ನು ಸ್ವಲ್ಪ ಹೊತ್ತು ನೋಡಿದ. ಬೈಕಿನ ಮೇಲೆ ಮೂರು ದಿನ ತಿರುಗಿ ಕಪ್ಪಾಗಿದ್ದ ಮುಖ. ಬೇರೇನೂ ಕೇಳದೆ ಬರೆಸಿಕೊಂಡ.

ಜುಲೈ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಸೈಟ್ ಹಾಕಿದ್ದೇವೆ ಎಂದು ಬಸವಪ್ರಭು ಫೋನ್ ಮಾಡಿದ. ಕಚೇರಿಯಲ್ಲಿ ಪೇಡೆಯ ಡಬ್ಬಿ ತೆರೆದಿದ್ದರು. ಮೋನಮ್ಮ ಪಟ್ಟಿ ತೆರೆದು ಮೊದಲ ವಿಳಾಸ ಹಾಕಿದಳು. ಮುಖಪುಟ ಬಂತು. ಎರಡನೆಯದು, ಮುಖಪುಟ. ಹತ್ತು ಹಾಕಿದರೂ ಹತ್ತೂ ಮುಖಪುಟವೇ. ಕೈಯಲ್ಲಿದ್ದ ಪೇಡೆಯನ್ನು ಕಾಗದದ ಮೇಲಿಟ್ಟು ಫೋನ್ ಎತ್ತಿದಳು.

ಬಸವಪ್ರಭು ನೋಡಿ ಹೇಳಿದ. ಅವನ ಮೇಲಿನವರು, ಯಾವುದೂ ತಪ್ಪಿಹೋಗದಿರಲಿ ಎಂದು, ಎಲ್ಲವನ್ನೂ ಮುಖಪುಟಕ್ಕೆ ಕಳಿಸುವ ಆ ಒಂದು ಸಾಲನ್ನು ಪಟ್ಟಿಯ ಮೇಲೆಯೇ ಸೇರಿಸಿಬಿಟ್ಟಿದ್ದರು. ಯಂತ್ರ ಮೇಲಿನ ಸಾಲು ಓದಿ ಅಲ್ಲಿಗೇ ನಿಲ್ಲುತ್ತಿತ್ತು. ಕೆಳಗಿನ ನಾಲ್ಕುನೂರ ಇಪ್ಪತ್ತೊಂದು ಸಾಲು ಇದ್ದೂ ಇಲ್ಲದ ಹಾಗಾಗಿತ್ತು.

“ಸರ್ ಈಗ ಮೀಟಿಂಗಿನಾಗ ಅದಾರ್ರಿ,” ಎಂದ ಬಸವಪ್ರಭು. “ಅವ್ರನ್ನ ಕೇಳ್ದೆ ನಾ ತೆಗ್ಯಾಕ ಬರಂಗಿಲ್ಲ. ನಾಳಿಗೆ ಮಾಡ್ಲೇನ್ರಿ? ಪುಟ ಇಲ್ಲ ಅಂತೇನು ಬರಾಕತ್ತಿಲ್ಲಲ್ರಿ.”

“ಬರಾಕತ್ತಿಲ್ಲ. ಅದಕ್ಕ ಯಾರಿಗೂ ತಪ್ಪು ಅಂತ ಗೊತ್ತಾಗಂಗಿಲ್ಲ,” ಎಂದಳು ಮೋನಮ್ಮ. ದನಿ ಏರಲಿಲ್ಲ. “ನಾಳಿ ಅನ್ನಬ್ಯಾಡ್ರಿ ತಮ್ಮಾ. ಎರಡು ಗಂಟೆದೊಳಗ ಆ ಸಾಲು ತೆಗೀರಿ. ಇಲ್ಲಂದ್ರ ಹಳೆ ಸೈಟ್ ವಾಪಸ್ ಹಾಕ್ರಿ. ಎರಡರಾಗ ಒಂದು.”

ಚಂದ್ರಾಮಪ್ಪ ಕೈ ಚಾಚಿ ಫೋನ್ ತೆಗೆದುಕೊಂಡ. ಬರೆಸಿಕೊಂಡಿದ್ದ ಕಾಗದವನ್ನು ಡ್ರಾಯರಿನಿಂದ ತೆಗೆದು ಓದಿ ಹೇಳಿದ. ಮೋನಮ್ಮ ಹೇಳಿದ್ದೇ ಒಕ್ಕೂಟದ ಮಾತು, ನಿಮ್ಮ ಸಾಹೇಬರನ್ನು ಮೀಟಿಂಗಿನಿಂದ ಎಬ್ಬಿಸಿರಿ ಎಂದ.

ಒಂದು ಗಂಟೆ ದಾಟಿ ಇಪ್ಪತ್ತು ನಿಮಿಷಕ್ಕೆ ಸಾಲು ಹೋಯಿತು. ಮೋನಮ್ಮ ಊಟಕ್ಕೆ ಏಳಲಿಲ್ಲ. ಮತ್ತೆ ಮೊದಲಿನಿಂದ ಹಾಕುತ್ತ ಬಂದಳು. ಬುಧವಾರ ಸಂಜೆಗೆ ಎಲ್ಲ ಮುಗಿಯಿತು. ಒಂದೂ ತಪ್ಪಿರಲಿಲ್ಲ. ಆಮೇಲೆ ಖುರ್ಷೀದಬೇಗಂಗೆ ಫೋನ್ ಮಾಡಿದಳು.

“ಖಾಲಾ, ಫೋನಿನ ಮ್ಯಾಲಿಂದು ಒಮ್ಮಿ ಒತ್ತಿ ನೋಡ್ರಿ. ಏನ್ ಬರ್ತದ ಹೇಳ್ರಿ.”

ಆ ಕಡೆ ಕೋಳಿಗಳ ಸದ್ದು, ಬಳೆಯ ಸದ್ದು. ಬಹಳ ಹೊತ್ತು ಕಾಯಬೇಕಾಯಿತು.

“ಕೆಂಪು ಬಂತು. ಯಾಕ, ಏನಾತು?”

“ಏನೂ ಆಗಿಲ್ರಿ. ಕೆಂಪೇ ಬರ್ಬೇಕು, ನೀರು ಇನ್ನ ಬಿಟ್ಟಿಲ್ಲ.”

“ಅಷ್ಟಕ್ಕ ಫೋನ್ ಹಚ್ಚೀದಿ?” ಎಂದಳು ಖುರ್ಷೀದಬೇಗಂ. ಮೋನಮ್ಮ ನಕ್ಕಳು. ಏನು ನಡೆದಿತ್ತೆಂದು ಹೇಳಹೋಗಲಿಲ್ಲ.

ಶುಕ್ರವಾರ ಪಾಳಿ ಹಾಕಿದಳು. ಮುಂದಿನ ವಾರ ನೀರು ಬಿಟ್ಟರು. ರಿಪೇರಿಯಾದ ಆ ಮರಿಗಾಲುವೆಯ ಬೋರ್ಡಿನ ವಿಳಾಸಕ್ಕೆ ಮೊದಲ ದಿನವೇ ಎಂಬತ್ತಾರು ಸಲ ಜನ ಬಂದಿದ್ದರು. ಆಕೆ ಆ ಅಂಕಿಯನ್ನು ಅಲ್ಲಾಬಕ್ಷನಿಗೆ ತೋರಿಸಿದಳು. ಅವನು ಅದನ್ನು ತನ್ನ ಫೋನಿನಲ್ಲಿ ಫೋಟೋ ಹೊಡೆದುಕೊಂಡ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಯಾವ ಪುಟವೂ ಸಿಗದೆ ತಿರುಗಿ ಹೋದವರ ಪಟ್ಟಿಯನ್ನು ಆಕೆ ವಾರಕ್ಕೊಮ್ಮೆ ತೆಗೆದು ನೋಡುವ ರೂಢಿ ಇಟ್ಟುಕೊಂಡಳು. ಯಾರೋ ಒಂದು ಅಕ್ಷರ ತಪ್ಪಾಗಿ ಬರೆದು ಹತ್ತು ಗುಂಪುಗಳಿಗೆ ವಾಟ್ಸಾಪ್ ಮಾಡಿದ್ದ ವಿಳಾಸ ಅದರಲ್ಲಿ ಸಿಕ್ಕಿತು. ತಪ್ಪು ಅವರದಾದರೇನು, ಅದನ್ನೂ ಸರಿಯಾದ ಪುಟಕ್ಕೆ ಹಚ್ಚಿಸಿದಳು. ದಸರೆಯ ಹೊತ್ತಿಗೆ ಚಂದ್ರಾಮಪ್ಪ, “ಈ ಹಳೇವು ಎಷ್ಟು ದಿನ ಇಡೋದು ಮೋನಮ್ಮ?” ಎಂದು ಕೇಳಿದ. ಒತ್ತುವವರು ಇರುವ ತನಕ ಇಡಬೇಕೆಂದಳು.

ಮುಂದಿನ ಬೇಸಿಗೆಯಲ್ಲಿ ಯಾದಗಿರಿಯ ಇನ್ನೊಂದು ಕಚೇರಿಯವರು ತಮ್ಮ ವೆಬ್‌ಸೈಟ್ ಬದಲಿಸಲು ಹೊರಟರು. ಬಸವಪ್ರಭುವೇ ಆ ಕೆಲಸಕ್ಕೂ ಇದ್ದ. ಶಹಾಪುರದ ಮೋನಮ್ಮ ಮೇಡಂ ಅವರನ್ನು ಒಮ್ಮೆ ಕರೆಸಿರಿ ಎಂದು ಅವನೇ ಹೇಳಿದನಂತೆ. ಮೋನಮ್ಮ ಬೆಳಗಿನ ಬಸ್ಸಿಗೆ ಹೋದಳು. ಕೋಟು ಹಾಕಿಕೊಂಡ ನಾಲ್ಕು ಜನ ಗೋಡೆಯ ಮೇಲೆ ಹೊಸ ಸೈಟಿನ ಬಣ್ಣ, ಚಿತ್ರ ತೋರಿಸುತ್ತಿದ್ದರು. ಎಲ್ಲವನ್ನೂ ಕೂತು ನೋಡಿದಳು, ಚಹಾ ಕುಡಿದಳು. ಕೊನೆಗೆ, ನೀವೇನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದಾಗ ಚೀಲದಿಂದ ಪೆನ್ನು ತೆಗೆದಳು.

“ನಿಮ್ಮ ಹಳೆ ವಿಳಾಸ ಯಾವ್ಯಾವ ಗ್ವಾಡಿ ಮ್ಯಾಲ, ಯಾವ್ಯಾವ ಕಾಗದದ ಮ್ಯಾಲ ಅದ ಅಂತ ಮೊದಲು ಹೇಳ್ರಿ,” ಎಂದಳು. “ಬರ್ಕೊಂತೀನಿ.”